ಋಣ ತೀರಿದ ಊರು

ಒಂದು ಊರನ್ನೋ ನೌಕರಿಯನ್ನೋ ಬಿಟ್ಟು ಬಂದವರು ನಮ್ಮಲ್ಲಿ ‘ಅಲ್ಲಿಯ ಅನ್ನದ ಋಣ ತೀರಿತು’ ಅನ್ನುತ್ತಾರೆ. ಕುಂದಾಪುರದ ಕಡೆ ಇದನ್ನೇ ಇನ್ನೂ ಚುಟುಕಾಗಿ ‘ಋಣ ಮುಗೀತ್’ ಎನ್ನುವುದು. ಘಟ್ಟದ ಮೇಲಿನ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷ ಪಾತ್ರೆ ತೊಳೆದು, ದೋಸೆ ಹೊಯ್ದು, ಕೊನೆಕೊನೆಗೆ ಗಲ್ಲೆಯ ಮೇಲೂ ಕೂತು ಮರಳಿದ ನನ್ನ ಅಜ್ಜಯ್ಯ ಆ ಊರಿನ ಬಗ್ಗೆ ನಮ್ಮೆದುರು ಆಡಿದ್ದು ಅದೊಂದೇ ಮಾತು. ಕೇಳಲು ಚೆನ್ನಾಗಿದೆ. ಯಾರ ಮೇಲೂ ದೂರಿಲ್ಲ, ಗೋಳಿಲ್ಲ. ಆದರೆ ಮೂವತ್ತೈದು ವರ್ಷ ಜಮಾ-ಖರ್ಚು ಬರೆದವನಿಗೆ ಈ ಮಾತಿನೊಳಗೆ ಏನೋ ತಾಳೆಯಾಗುವುದಿಲ್ಲ. ಅನ್ನ ತಿಂದವರು ನಾವು. ಅಂದ ಮೇಲೆ ಸಾಲ ನಮ್ಮದು. ಎದ್ದು ಹೊರಟು ಬಂದ ಮಾತ್ರಕ್ಕೆ ಸಾಲ ತೀರಿತು ಎಂದು ಬರೆದುಕೊಳ್ಳುವ ಖಾತೆ ಪುಸ್ತಕ ಯಾವುದು ಸ್ವಾಮೀ? ನಾನಂತೂ ಕಂಡಿಲ್ಲ.

ಈ ಮಾತು ನನಗೆ ಪ್ರಶ್ನೆಯಾಗಿ ಅಂಟಿಕೊಂಡದ್ದು ಮುಂಬೈಯಲ್ಲಲ್ಲ. ಆಫ್ರಿಕದ ನಮೀಬ್ ಮರುಭೂಮಿಯಲ್ಲಿ, ಕೋಲ್ಮನ್ಸ್‌ಕಾಪ್ ಎಂಬ ಪಾಳುಬಿದ್ದ ಗಣಿ ಊರಿನಲ್ಲಿ.

ಕುಂದಾಪುರದ ಮನುಷ್ಯ ಅಲ್ಲಿಗೆ ಹೇಗೆ ಹೋದ ಅಂತ ನೀವು ಕೇಳಬಹುದು. ನಾನು 1979ರಲ್ಲಿ ಹೋಟೆಲ್ ಹುಡುಗನಾಗಿ ಮುಂಬೈಗೆ ಬಂದವನು. ಹಗಲು ಟೇಬಲ್ ಒರೆಸಿ, ಸಂಜೆ ಕೋಟೆಯ ಕನ್ನಡ ರಾತ್ರಿ ಶಾಲೆಗೆ ಹೋಗಿ, ಆಮೇಲೆ ಹೇಗೋ ಬಿ.ಕಾಂ. ಮಾಡಿಕೊಂಡು ಒಪೆರಾ ಹೌಸಿನ ಒಂದು ವಜ್ರದ ಪೇಢಿಯಲ್ಲಿ ಲೆಕ್ಕ ಬರೆಯಲು ಸೇರಿದೆ. ಗುಜರಾತಿಗಳ ಪೇಢಿಯಲ್ಲಿ ನಮ್ಮಂಥವರಿಗೆ ‘ಮೆಹ್ತಾಜಿ’ ಎಂಬ ಹೆಸರು. ನೆಲದಿಂದ ತೆಗೆದ ವಜ್ರ ಜಗತ್ತಿನ ಯಾವ ಮೂಲೆಯದೇ ಇರಲಿ, ಅದರಲ್ಲಿ ಬಹುಪಾಲು ಸೂರತ್ತಿನಲ್ಲಿ ಸಾಣೆ ಹಿಡಿಸಿಕೊಂಡು ಮುಂಬೈಯಲ್ಲಿ ಕೈ ಬದಲಿಸುತ್ತದೆ. ನಮೀಬಿಯಾದಲ್ಲೂ ಕೆಲವು ಸಾಣೆ ಕಾರ್ಖಾನೆಗಳಿವೆ. ಅಂಥ ಒಂದರ ಲೆಕ್ಕ ನೋಡಿ ಬಾ ಎಂದು 2014ರಲ್ಲಿ ಶೇಠ್‌ಜಿ ನನ್ನನ್ನು ವಿಂಡ್‌ಹುಕ್ ನಗರಕ್ಕೆ ಕಳಿಸಿದರು. ಕೆಲಸ ಬೇಗ ಮುಗಿಯಿತು. ವಿಮಾನಕ್ಕೆ ನಾಲ್ಕು ದಿನ ಉಳಿದಿತ್ತು. ಹರಳನ್ನಂತೂ ಇಷ್ಟು ವರ್ಷ ಕಾಗದದ ಮೇಲೆ ತೂಗಿದ್ದೇನೆ, ಅದು ಹುಟ್ಟಿದ ನೆಲ ನೋಡೋಣ ಎಂದು ಹೊರಟೆ. ಎಂಟುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಾರು ಓಡಿಸಿದಾತ ದೇಶದ ಉತ್ತರ ಭಾಗದವನು, ಓವಾಂಬೋ ಜನಾಂಗದವನು, ಐವತ್ತರ ಆಸುಪಾಸು. ಮಾತು ಕಮ್ಮಿ.

‘ಹುಟ್ಟಿದ ನೆಲ’ ಅಂದೆನಲ್ಲ, ಅದೂ ಸರಿಯಲ್ಲವಂತೆ. ಆ ಮರಳಿನ ವಜ್ರಗಳು ಅಲ್ಲಿ ಹುಟ್ಟಿದವಲ್ಲ. ದಕ್ಷಿಣ ಆಫ್ರಿಕದ ಒಳನಾಡಿನಲ್ಲಿ ಭೂಮಿಯ ಆಳದಿಂದ ಮೇಲೆ ಬಂದ ಹರಳುಗಳನ್ನು ಆರೆಂಜ್ ನದಿ ಲಕ್ಷಾಂತರ ವರ್ಷ ಉರುಳಿಸಿಕೊಂಡು ಸಮುದ್ರಕ್ಕೆ ಒಯ್ದಿತು. ಕರಾವಳಿಯ ಪ್ರವಾಹ ಉತ್ತರಕ್ಕೆ ತಳ್ಳಿತು. ಅಲೆ ದಡಕ್ಕೆ ಎಸೆಯಿತು. ಗಾಳಿ ಒಳಕ್ಕೆ ತೂರಿತು. ಬಿರುಕಿದ್ದ ಕಲ್ಲೆಲ್ಲ ದಾರಿಯಲ್ಲೇ ಪುಡಿಯಾಯಿತು, ಗಟ್ಟಿಯಾದದ್ದು ಮಾತ್ರ ಉಳಿಯಿತು. ಅದಕ್ಕೇ ಅಲ್ಲಿಯ ಕಲ್ಲು ಬಹುತೇಕ ಆಭರಣಕ್ಕೆ ಆಗುವಂಥ ಕಲ್ಲು. ಪರಊರಿನಲ್ಲಿ ಉಳಿದುಕೊಂಡವರ ಬಗ್ಗೆಯೂ ಹೀಗೇ ಹೊಗಳುವುದುಂಟು, ಗಟ್ಟಿಗರು ಅಂತ. ಪುಡಿಯಾದವರ ಲೆಕ್ಕ ಯಾರೂ ಇಟ್ಟಿರುವುದಿಲ್ಲ.

ಲೂಡೆರಿಟ್ಜ್ ಎಂಬ ಬಂದರು ಪಟ್ಟಣದಿಂದ ಹತ್ತು ಕಿಲೋಮೀಟರ್ ಒಳಗೆ, ದಿಣ್ಣೆಯ ಮೇಲೆ ಊರು. ಒಳಗೆ ಹೋಗಲು ಪರವಾನಗಿ ಚೀಟಿ ಬೇಕು. ದೂರದಿಂದ ನೋಡಿದರೆ ಯುರೋಪಿನ ಯಾವುದೋ ಚಿತ್ರದಲ್ಲಿನ ಮನೆಗಳನ್ನು ತಂದು ಮರಳಿನಲ್ಲಿ ಇಟ್ಟ ಹಾಗೆ. ಮಾಳಿಗೆ ಮನೆಗಳು, ಚೂಪು ಮಾಡು, ದೊಡ್ಡ ಕಿಟಕಿಗಳು. ಹತ್ತಿರ ಹೋದರೆ ಕಿಟಕಿಗೆ ಗಾಜಿಲ್ಲ. ಕದಗಳು ಅರ್ಧ ತೆರೆದು ಹಾಗೇ ಮರಳಿನಲ್ಲಿ ಹೂತು ನಿಂತಿವೆ. ಇನ್ನು ಅವು ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ. ಒಂದು ಕೋಣೆಯಲ್ಲಿ ಮೊಣಕಾಲಷ್ಟು ಮರಳು, ಪಕ್ಕದ್ದರಲ್ಲಿ ಎದೆಯಷ್ಟು, ಮೂರನೆಯದರಲ್ಲಿ ಚಾವಣಿಗೆ ತಲೆ ತಾಗುತ್ತದೆ. ಗೋಡೆಗಳ ಮೇಲೆ ಮಾತ್ರ ನೀಲಿ, ಹಸಿರು, ತಿಳಿಗುಲಾಬಿ ಬಣ್ಣ, ಅಂಚಿಗೆ ಬಳ್ಳಿಯ ಚಿತ್ತಾರ. ಯಾರೋ ಹೆಂಗಸು ನಿಂತು ‘ಈ ಬಣ್ಣವೇ ಇರಲಿ’ ಎಂದು ಆರಿಸಿರಬೇಕು.

ಹಂಪೆಯ ಹಾಳು ನೋಡಿ ಬೆಳೆದ ನಮಗೆ ಊರು ಹಾಳಾಗಲು ಒಬ್ಬ ವೈರಿ ಬೇಕು. ಇಲ್ಲಿ ಯಾರೂ ದಂಡೆತ್ತಿ ಬರಲಿಲ್ಲ. ಬೆಂಕಿ ಬೀಳಲಿಲ್ಲ, ಪ್ಲೇಗ್ ಬರಲಿಲ್ಲ. 1908ರಲ್ಲಿ ವಜ್ರ ಸಿಕ್ಕಿತು, ಊರಾಯಿತು. 1912ರ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ಕ್ಯಾರೆಟ್‌ಗಳಷ್ಟು ವಜ್ರ ಈ ಸೀಮೆಯಿಂದ ಹೊರಟಿತ್ತು. ಆಸ್ಪತ್ರೆ, ಶಾಲೆ, ನಾಟಕ ನೃತ್ಯಕ್ಕೆ ಸಭಾಂಗಣ, ಸ್ಕಿಟಲ್ಸ್ ಆಟದ ಓಣಿ, ಮಂಜುಗಡ್ಡೆ ಕಾರ್ಖಾನೆ, ಮನೆಮನೆಗೆ ವಿದ್ಯುತ್ತು, ಊರೊಳಗೆ ಓಡುವ ಪುಟ್ಟ ರೈಲು. ಹನಿ ನೀರಿಲ್ಲದ ಜಾಗ. ಕುಡಿಯುವ ನೀರು ಮೊದಮೊದಲು ಕೇಪ್‌ಟೌನಿನಿಂದ ಹಡಗಿನಲ್ಲಿ ಬರುತ್ತಿತ್ತು. 1928ರ ಸುಮಾರಿಗೆ ದಕ್ಷಿಣಕ್ಕೆ, ಆರೆಂಜ್ ನದಿ ಸಮುದ್ರ ಸೇರುವಲ್ಲಿ ಇನ್ನೂ ದೊಡ್ಡ ಹರಳುಗಳು ಸಿಕ್ಕವು. ಜನ ಅತ್ತ ಹೊರಟರು. 1956ರ ಹೊತ್ತಿಗೆ ಊರು ಪೂರ್ತಿ ಖಾಲಿ. ಐವತ್ತು ವರ್ಷವೂ ಆಗಲಿಲ್ಲ. ನಮ್ಮೂರ ಕಡೆ ಒಂದು ತೆಂಗಿನ ಮರಕ್ಕೆ ಇದಕ್ಕಿಂತ ಹೆಚ್ಚು ಆಯುಸ್ಸು.

ಊರಿನ ಮನೆಗಳನ್ನು ಇಂದಿಗೂ ಹುದ್ದೆಯಿಂದಲೇ ಗುರುತಿಸುತ್ತಾರೆ. ಗಣಿ ಮ್ಯಾನೇಜರನ ಮನೆ, ಉಗ್ರಾಣಾಧಿಕಾರಿಯ ಮನೆ, ಮೇಷ್ಟರ ಮನೆ, ವೈದ್ಯರ ಮನೆ. ಲೆಕ್ಕದವನ ಮನೆಯೂ ಇದೆ! ಹೊಕ್ಕು ಸ್ವಲ್ಪ ಹೊತ್ತು ನಿಂತೆ. ಮಾಳಿಗೆಯ ಕಿಟಕಿಯಿಂದ ಮರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಈ ಮೆಹ್ತಾಜಿ ಇಲ್ಲಿ ಕೂತು ಪ್ರತಿ ಸಂಜೆ ಕ್ಯಾರೆಟ್ಟಿನ ಲೆಕ್ಕ ಬರೆದಿರುತ್ತಾನೆ, ಒಂದು ದಿನ ಪುಸ್ತಕ ಮುಚ್ಚಿ, ಪೆಟ್ಟಿಗೆ ಕಟ್ಟಿ, ತನ್ನ ಭಾಷೆಯಲ್ಲಿ ‘ಋಣ ಮುಗೀತ್’ ಅನ್ನುವಂಥದ್ದೇನೋ ಹೇಳಿ ಹೊರಟಿರುತ್ತಾನೆ.

ಊರು ತುಂಬಿದ್ದಾಗ ಸುಮಾರು 300 ಮಂದಿ ಜರ್ಮನ್ ಹಿರಿಯರು, 40 ಮಕ್ಕಳು, 800 ಮಂದಿ ಓವಾಂಬೋ ಕೂಲಿಗಳು ಇದ್ದರೆಂದು ಹೇಳುತ್ತಾರೆ. ನನ್ನ ಕಣ್ಣು ಸುಮ್ಮನೆ ಮೊತ್ತ ಹಾಕುತ್ತದೆ, ಅಭ್ಯಾಸ. ಮುನ್ನೂರ ನಲವತ್ತು ಜನರ ಮನೆ, ಶಾಲೆ, ಆಟದ ಓಣಿ ಎಲ್ಲ ನೋಡಿದ್ದಾಯಿತು. ಆ ಎಂಟುನೂರು ಜನರ ಮನೆ ಎಲ್ಲಿ?

ಹೊರಗೆ ಬಂದು ಚಾಲಕನನ್ನು ಕೇಳಿದೆ. “ಮನೆ ಇರಲಿಲ್ಲ ಸರ್,” ಅಂದ. “ಕಾಂಪೌಂಡು ಇತ್ತು. ನನ್ನ ಅಜ್ಜ ಇಂಥ ಕಾಂಪೌಂಡಿನಲ್ಲೇ ಇದ್ದದ್ದು. ಇದೇ ಊರೋ ಅಥವಾ ಪಕ್ಕದ್ದೋ, ಗೊತ್ತಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವ ಹಾಗಿರಲಿಲ್ಲ. ಕರಾರು ಮುಗಿದರೆ ಒಂದು ದಿನ ಹೆಚ್ಚು ಇರುವ ಹಾಗೂ ಇರಲಿಲ್ಲ.” ಕರಾರಿಗೆ ಅವರ ಭಾಷೆಯಲ್ಲಿ ‘ಒಡಲಾತೆ’ ಅನ್ನುತ್ತಿದ್ದರಂತೆ. ಹಾಗಂದರೆ ತಂತಿ. ಕಟ್ಟುವ ತಂತಿ. ನಾನು ಮತ್ತೆ ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. 1971ರ ಕೊನೆಗೆ ಸಾವಿರಾರು ಕೂಲಿಗಳು ಕೆಲಸ ಬಿಟ್ಟು ನಿಂತು ಆ ತಂತಿಯನ್ನು ಜಗ್ಗಿದ ಕಥೆ ಆಮೇಲೆ ಓದಿ ತಿಳಿದುಕೊಂಡದ್ದು. ಆ ದೇಶ ಸ್ವತಂತ್ರವಾದದ್ದು 1990ರಲ್ಲಿ.

ಆ ಊರಿನ ಮೊದಲ ಪುಟದಲ್ಲಿರುವ ಹೆಸರು ಜಕಾರಿಯಸ್ ಲೆವಾಲಾ. ರೈಲು ಹಳಿಯ ಮೇಲೆ ಗಾಳಿ ತಂದು ಸುರಿಯುವ ಮರಳನ್ನು ಸಲಿಕೆಯಿಂದ ಎತ್ತಿ ಹಾಕುವುದು ಅವನ ಕೆಲಸ. ಅವನೂ ಪರಊರಿನವನೇ, ಹಿಂದೆ ಕಿಂಬರ್ಲಿಯ ವಜ್ರದ ಗಣಿಯಲ್ಲಿ ದುಡಿದು ಬಂದಿದ್ದ. ಹಾಗಾಗಿ 1908ರ ಏಪ್ರಿಲಿನಲ್ಲಿ ಸಲಿಕೆಯ ಮರಳಿನಲ್ಲಿ ಮಿನುಗಿದ್ದು ಏನೆಂದು ಅವನಿಗೆ ಗೊತ್ತಾಯಿತು. ಒಯ್ದು ತನ್ನ ಮೇಲ್ವಿಚಾರಕ ಆಗಸ್ಟ್ ಸ್ಟೌಖ್ ಎಂಬ ಜರ್ಮನ್ನನಿಗೆ ಕೊಟ್ಟ. ಸ್ಟೌಖ್ ಸದ್ದಿಲ್ಲದೆ ಸುತ್ತಲಿನ ಜಾಗಕ್ಕೆ ಹಕ್ಕುಪತ್ರ ಮಾಡಿಸಿಕೊಂಡು ಕೋಟ್ಯಧೀಶನಾದ. ಲೆವಾಲಾನಿಗೆ ಏನೂ ಸಿಗಲಿಲ್ಲ.

ಇದಕ್ಕೂ ಹಿಂದಿನ ಪುಟವೂ ಒಂದಿದೆ. ಆ ಹಳಿ ಹಾಕಿದ್ದು ಯಾರು? 1904ರಿಂದ 1908ರವರೆಗೆ ಜರ್ಮನ್ ಸೇನೆ ಹೆರೆರೋ ಮತ್ತು ನಾಮಾ ಜನರನ್ನು ಕೊಂದು, ಅಳಿದುಳಿದವರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಲೂಡೆರಿಟ್ಜಿನ ಶಾರ್ಕ್ ದ್ವೀಪದ ಶಿಬಿರದ ಕೈದಿಗಳನ್ನು ಈ ರೈಲು ದಾರಿಗೆ ದುಡಿಸಿಕೊಂಡರು. ಸಾವಿರಕ್ಕೂ ಹೆಚ್ಚು ಮಂದಿ ಹಳಿ ಹಾಕುತ್ತಲೇ ಸತ್ತರು. ಅದು ನರಮೇಧವೆಂದು ಜರ್ಮನ್ ಸರಕಾರ 2021ರಲ್ಲಿ ಒಪ್ಪಿಕೊಂಡಿತು. ಪ್ರವಾಸಿಗಳು ಫೋಟೋ ತೆಗೆಯುವುದು ನೀಲಿ ಗೋಡೆಯದ್ದು. ನಾನೂ ತೆಗೆದೆ. ಬೆಳಕು ನಿಜಕ್ಕೂ ಚೆನ್ನಾಗಿ ಬೀಳುತ್ತದೆ.

ಮುಂಬೈಗೆ ಮರಳಿದ ಮೇಲೆ ಲೆವಾಲಾನ ಕಥೆಯನ್ನು ಪೇಢಿಯ ಹಿರಿಯ ಮೆಹ್ತಾಜಿಗೆ ಹೇಳಿದೆ. ಎಪ್ಪತ್ತು ದಾಟಿದ ಪಾಲನಪುರದ ಮನುಷ್ಯ, ಬಾಯಲ್ಲಿ ಸದಾ ಸೋಂಪು. ಅವರು ಕೇಳಿದ್ದು ಒಂದೇ: “ಅವನಿಗೆ ಆ ದಿನದ ಪಗಾರ್ ಕೊಟ್ಟರಾ ಇಲ್ಲವಾ?” ಕೊಟ್ಟಿರಬೇಕು ಅಂದೆ. “ಮತ್ತೆ? ಖಾತೆ ಚುಕ್ತೇ. ಕೆಲಸದ ಹೊತ್ತಿನಲ್ಲಿ ಸಿಕ್ಕಿದ್ದು ಧಣಿಯದ್ದು. ಇನಾಮು ಕೊಡುವುದು ಬಿಡುವುದು ಅವನ ಮನಸ್ಸು.”

ಈ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಲೋಕ ನಡೆಯುತ್ತಿರುವುದೇ ಇದರ ಮೇಲೆ. ಹೋಟೆಲಿನಲ್ಲಿ ಕಾಫಿ ಕುಡಿದು ದುಡ್ಡು ಕೊಟ್ಟ ಮೇಲೂ ಮಾಣಿಗೆ ನಾನು ಋಣಿ ಎಂದು ದಿನಾ ಕೊರಗುತ್ತ ಕೂತರೆ ಬದುಕು ಸಾಗೀತೆ? ದುಡ್ಡು ಇರುವುದೇ ಋಣವನ್ನು ಅಲ್ಲಲ್ಲೇ ಮುಗಿಸಿ ಮುಂದೆ ಹೋಗಲಿಕ್ಕೆ. ನನ್ನಂಥ ಹೋಟೆಲ್ ಹುಡುಗನಿಗಂತೂ ಅದು ದೊಡ್ಡ ಬಿಡುಗಡೆ. ಊರಿನಲ್ಲಿ ಧಣಿಯ ಗದ್ದೆಯ ಋಣ ಮೂರು ತಲೆಮಾರಿಗೂ ತೀರುತ್ತಿರಲಿಲ್ಲ. ಮುಂಬೈಯಲ್ಲಿ ತಿಂಗಳ ಕೊನೆಗೆ ಪಗಾರ್ ಎಣಿಸಿಕೊಂಡರೆ ನಾನು ಯಾರಿಗೂ ಬಗ್ಗಬೇಕಿರಲಿಲ್ಲ. ಋಣ ಋಣ ಎಂದು ಹಾಡುವವರಿಗೆ ಈ ಇನ್ನೊಂದು ಮುಖವೂ ನೆನಪಿರಬೇಕು.

ಆದರೂ ಲೆವಾಲಾನ ಕಥೆ ಕೇಳಿದವರಿಗೆಲ್ಲ ನೂರು ವರ್ಷವಾದರೂ ಏನೋ ಬಾಕಿ ಉಳಿದಿದೆ ಅನ್ನಿಸುತ್ತದಲ್ಲ, ಯಾಕೆ? ಸ್ಟೌಖ್ ನೂರು ಮಾರ್ಕು ಇನಾಮು ಕೊಟ್ಟಿದ್ದರೆ ಸರಿಹೋಗುತ್ತಿತ್ತೆ? ಸ್ವಲ್ಪ ಹಗುರಾಗುತ್ತಿತ್ತು, ಅಷ್ಟೆ. ಮತ್ತೆ, ಸ್ಟೌಖ್ ಕೂಡ ಆರ್ಥಿಕ ಕುಸಿತದಲ್ಲಿ ಎಲ್ಲವನ್ನೂ ಕಳೆದುಕೊಂಡು 1947ರಲ್ಲಿ ಬಡವನಾಗಿಯೇ ಸತ್ತ. ಕರ್ಮ ಸುತ್ತಿ ಬಂತು ನೋಡಿ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಾಲಗಾರ ದಿವಾಳಿಯಾದರೆ ಸಾಲ ಕೊಟ್ಟವನಿಗೆ ಏನು ಬಂತು?

ನನಗೆ ಕಾಣುವುದು ಹೀಗೆ. ಪಗಾರ್ ಕೊಟ್ಟದ್ದು ಮರಳು ಎತ್ತಿದ್ದಕ್ಕೆ. ಆದರೆ ಲೆವಾಲಾ ಕೊಟ್ಟದ್ದು ಮರಳು ಎತ್ತುವ ಕೆಲಸವಷ್ಟನ್ನೇ ಅಲ್ಲ. ಕಿಂಬರ್ಲಿಯಲ್ಲಿ ಬೆನ್ನು ಬಗ್ಗಿಸಿ ಕಲಿತ ಕಣ್ಣನ್ನು ಕೊಟ್ಟ, ಕಿಸೆಗೆ ಹಾಕಿಕೊಳ್ಳಬಹುದಾದದ್ದನ್ನು ನಂಬಿ ಇನ್ನೊಬ್ಬನ ಕೈಗಿಟ್ಟ. ಇವು ಕರಾರಿನಲ್ಲಿ ಇರಲಿಲ್ಲ. ಕರಾರಿನಲ್ಲಿ ಇಲ್ಲದ್ದನ್ನು ಪಡೆದುಕೊಂಡು, ಕರಾರನ್ನು ತೋರಿಸಿ ‘ಚುಕ್ತೇ’ ಎನ್ನುವುದು ಲೆಕ್ಕದಲ್ಲೇ ತಪ್ಪು, ನೀತಿಯ ಮಾತು ಆಮೇಲಿರಲಿ. ಇನ್ನೊಂದು, ‘ತೀರಿತು’ ಎನ್ನುವ ಮಾತನ್ನು ಸಾಲ ಕೊಟ್ಟವನು ಹೇಳಬೇಕು. ನಮ್ಮ ನುಡಿಗಟ್ಟಿನಲ್ಲಿ ಅದನ್ನು ಹೇಳುವವನು ಯಾವಾಗಲೂ ಸಾಲಗಾರನೇ! ಅದೂ ಗಾಡಿ ಹತ್ತಿದ ಮೇಲೆ.

ಕೋಲ್ಮನ್ಸ್‌ಕಾಪ್ ಅಷ್ಟು ಪೂರ್ತಿಯಾಗಿ ಖಾಲಿಯಾದದ್ದು ಯಾಕೆ ಎಂಬುದೂ ಇದರಿಂದ ಅರ್ಥವಾಗುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯನ್ನು ನೋಡಿ. 1880ರಿಂದ ಅಗೆದು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಸಯನೈಡಿನ ಮಣ್ಣುಗುಡ್ಡಗಳು ಉಳಿದವು. ಬಿಳಿಯರು ಎಂದೋ ಹೋಗಿಯಾಗಿತ್ತು. ಆದರೆ ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ಬಂದ ಕೂಲಿಗಳ ಮೊಮ್ಮಕ್ಕಳು ಎಲ್ಲಿಗೂ ಹೋಗಲಿಲ್ಲ. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಅದೇ ಲೈನ್ ಮನೆಗೆ ಮರಳುತ್ತಾರೆ. ಅಲ್ಲಿ ಹುಟ್ಟಿದರು, ಮದುವೆಯಾದರು, ಅಪ್ಪಂದಿರನ್ನು ಅಲ್ಲೇ ಮಣ್ಣು ಮಾಡಿದರು. ಚಿನ್ನ ಮುಗಿದರೂ ಅದು ಊರು. ಕೋಲ್ಮನ್ಸ್‌ಕಾಪಿನ ಎಂಟುನೂರು ಜನಕ್ಕೆ ಹಾಗೆ ಬೇರುಬಿಡಲು ಬಿಡಲೇ ಇಲ್ಲ. ಅಲ್ಲಿ ಮನೆ ಮಾಡಿ ಉಳಿಯಲು ಹಕ್ಕಿದ್ದವರಿಗೆ ಮನಸ್ಸಿರಲಿಲ್ಲ. ಉಳಿದವರಿಗೆ ಮನಸ್ಸಿತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮರಳು ಬಂದು ತುಂಬಿದ್ದು 1956ರ ನಂತರ ಇರಬಹುದು. ಖಾಲಿ ಮಾಡುವ ಏರ್ಪಾಡು ಮಾತ್ರ ಮೊದಲ ದಿನವೇ ಆಗಿತ್ತು.

ಮುಂಬೈಯಲ್ಲಿ ನಮ್ಮನ್ನು ಯಾವ ತಂತಿಯೂ ಕಟ್ಟಿಹಾಕಿರಲಿಲ್ಲ. ಹೋಟೆಲಿನ ಅಟ್ಟದ ಮೇಲೆ ಹತ್ತು ಜನ ಸಾಲಾಗಿ ಮಲಗುತ್ತಿದ್ದೆವು, ಹೆಂಡತಿಯರು ಊರಿನಲ್ಲಿ, ನಿಜ. ಆದರೆ ಅದು ಬಡತನ, ಕಾನೂನಲ್ಲ. ಈ ವ್ಯತ್ಯಾಸವನ್ನು ಮರೆತು ‘ನಾವೂ ಅವರ ಹಾಗೆ’ ಎಂದರೆ ಆ ಚಾಲಕನ ಅಜ್ಜನಿಗೆ ಅವಮಾನ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ನಾವು ಡೊಂಬಿವಿಲಿಯಲ್ಲೋ ಮುಲುಂಡಿನಲ್ಲೋ ಖೋಲಿ ಹಿಡಿದೆವು, ಸಂಸಾರ ತಂದೆವು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಮಂದಿಯ ಮನಸ್ಸು ಆ ಜರ್ಮನ್ ಮೆಹ್ತಾಜಿಯದು. ನಲವತ್ತು ವರ್ಷ ಇದ್ದರೂ ‘ಇಲ್ಲಿ ಎಷ್ಟು ದಿನ ಮಾರಾಯ್ರೆ’ ಅನ್ನುತ್ತಲೇ ಇರುತ್ತೇವೆ. ಊರಿನಲ್ಲಿ ಮನೆ ಕಟ್ಟಿಸುತ್ತೇವೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚೀಟಿ ಹರಿಸುತ್ತೇವೆ. ದುಡಿದ ಊರಿನ ಗಟಾರ ಯಾರು ತೆಗೆಯುತ್ತಾರೆ ಎಂದು ತಿಳಿದಿರುವುದಿಲ್ಲ.

ವಜ್ರದ ಬಜಾರು 2010ರಲ್ಲಿ ಒಪೆರಾ ಹೌಸ್ ಬಿಟ್ಟು ಬಾಂದ್ರಾ-ಕುರ್ಲಾ ಸಂಕೀರ್ಣದ ಹೊಸ ಕಟ್ಟಡಗಳಿಗೆ ಏಳತೊಡಗಿದಾಗ ನಮ್ಮ ಪೇಢಿಯೂ ಹೋಯಿತು. ಎ.ಸಿ., ಲಿಫ್ಟು, ಗಾಜಿನ ಗೋಡೆ. ಪೂಜೆ ಮಾಡಿದೆವು, ಪೇಢಾ ಹಂಚಿದೆವು. ನಮ್ಮ ಹಳೆಯ ಮೆಟ್ಟಿಲ ಕೆಳಗೆ ಕಟಿಂಗ್ ಚಹಾ ಕೊಡುತ್ತಿದ್ದವನಿಗೆ ಹೊಸ ಕಟ್ಟಡದೊಳಗೆ ಪ್ರವೇಶವಿಲ್ಲ, ಅಲ್ಲಿ ಕ್ಯಾಂಟೀನಿದೆ. ಅವನ ತಿಂಗಳ ಬಾಕಿಯನ್ನು ನಾನೇ ಪೈಸೆ ಬಿಡದೆ ಕೊಟ್ಟು ಸಹಿ ಹಾಕಿಸಿಕೊಂಡೆ. ಪುಸ್ತಕದಲ್ಲಿ ಅವನ ಖಾತೆ ಸೊನ್ನೆ. ಮಾಡಬೇಕಾದದ್ದೂ ಅಷ್ಟೇ, ಅದರಲ್ಲಿ ಲೋಪವಿಲ್ಲ. ಲೋಪವಿಲ್ಲದ ಲೆಕ್ಕವೂ ಪೂರ್ತಿ ಲೆಕ್ಕ ಅಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಅದೊಂದು ಸೊನ್ನೆ.

ಹಾಗಾದರೆ ಏನು ಮಾಡುವುದು? ದುಡಿದ ಊರಿನಲ್ಲೇ ಸಾಯಬೇಕೆ? ಅದು ಹಟವಾಯಿತು. ಊರು ಬಿಡುವುದು ತಪ್ಪಲ್ಲ. ಬಿಟ್ಟದ್ದರಿಂದಲೇ ನಾನು ಮನುಷ್ಯನಾದೆ. ನನಗೆ ಕನ್ನಡ ರಾತ್ರಿ ಶಾಲೆಯಲ್ಲಿ ಲೆಕ್ಕ ಕಲಿಸಿದವರು ಹಗಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ದಿನವಿಡೀ ಅಂಕಿ ಬರೆದು ದಣಿದ ಕೈಯಲ್ಲೇ ರಾತ್ರಿ ಒಂಬತ್ತರವರೆಗೆ ಕಪ್ಪು ಹಲಗೆಯ ಮೇಲೆ ಮತ್ತೆ ಅಂಕಿ. ಅವರಿಗೆ ನಾನು ಏನನ್ನೂ ಹಿಂದೆ ಕೊಟ್ಟಿಲ್ಲ, ಕೊಡಲು ಅವರೂ ಈಗಿಲ್ಲ. ಹುಡುಗರು ಬರುವುದು ನಿಂತು ಆ ಶಾಲೆಯೂ ಮುಚ್ಚಿತು. ಇಂಥ ಸಾಲವನ್ನು ಕೊಟ್ಟವನಿಗೇ ತಿರುಗಿ ಕೊಡಲು ಆಗುವುದಿಲ್ಲ. ಮುಂದೆ ಸಿಕ್ಕವನಿಗೆ ದಾಟಿಸಬಹುದು. ಪೇಢಿಯಲ್ಲಿ ಹುಂಡಿಯನ್ನು ಬೇರೆಯವರ ಹೆಸರಿಗೆ ಬರೆದುಕೊಡುತ್ತಾರಲ್ಲ, ಹಾಗೆ. ಅದರಿಂದ ತೀರುತ್ತದೆಯೇ ಎಂದರೆ, ಇಲ್ಲ. ಹುಂಡಿ ಚಲಾವಣೆಯಲ್ಲಿರುತ್ತದೆ.

ನಾನು 2023ರಲ್ಲಿ ನಿವೃತ್ತನಾದೆ. ಕುಂದಾಪುರದಲ್ಲಿ ಮನೆ ತಯಾರಿದೆ, ಬಾವಿಯಲ್ಲಿ ನೀರೂ ಇದೆ. ತಂಗಿ ವಾರಕ್ಕೊಮ್ಮೆ ಫೋನ್ ಮಾಡಿ “ಅಣ್ಣಯ್ಯ, ಇನ್ನೆಂತಕ್ಕೆ ಅಲ್ಲಿ? ಮುಂಬೈ ಋಣ ಮುಗೀತಲ್ದಾ?” ಅನ್ನುತ್ತಾಳೆ. ಇಲ್ಲಿ ನಮ್ಮ ಮನೆಗೆಲಸಕ್ಕೆ ಇಪ್ಪತ್ತೆರಡು ವರ್ಷದಿಂದ ಬರುತ್ತಿರುವ ಮೌಶಿ ಇದ್ದಾಳೆ, ಸಾತಾರಾ ಕಡೆಯವಳು. ಅವಳ ಕೂಲಿ ಒಂದು ದಿನವೂ ತಪ್ಪಿಲ್ಲ, ದೀಪಾವಳಿ ಬೋನಸ್ಸೂ ಕೊಟ್ಟಿದ್ದೇವೆ. ಅವಳ ಮೊಮ್ಮಗ ಮೂರು ವರ್ಷದಿಂದ ಸಂಜೆ ಆರಕ್ಕೆ ಬಂದು ನಮ್ಮ ಊಟದ ಟೇಬಲ್ಲಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಾನೆ. ಅವರ ಖೋಲಿಯಲ್ಲಿ ಆರು ಜನ, ಒಂದೇ ದೀಪ. ಗಣಿತ ನಾನು ನೋಡುತ್ತೇನೆ. ಬೀಜಗಣಿತದಲ್ಲಿ ಚುರುಕು, ರೇಖಾಗಣಿತ ಅಂದರೆ ಆಕಳಿಕೆ.

ನಾವು ಊರಿಗೆ ಹೊರಡುವ ಸುದ್ದಿ ಮೌಶಿಗೆ ಹೇಗೋ ಗೊತ್ತಾಯಿತು. ಪಾತ್ರೆ ಒರೆಸುತ್ತ, ನನ್ನ ಮುಖ ನೋಡದೆ, “ತುಮ್ಹಿ ಗಾವಾಲಾ ಜಾಣಾರ್ ಕಾ, ಅಣ್ಣಾ?” ಅಂದಳು. ಹೂಂ, ನೋಡಬೇಕು ಅಂದೆ. ಹಣದ ವಿಷಯ ಎತ್ತುತ್ತಾಳೇನೋ ಎಂದು ಮನಸ್ಸಿನಲ್ಲೇ ಒಂದು ಮೊತ್ತ ಹಾಕಿಟ್ಟಿದ್ದೆ. ಅವಳು ಕೇಳಿದ್ದು ಹುಡುಗ ಇನ್ನು ಓದುವುದು ಎಲ್ಲಿ ಅಂತ.

ಮೊನ್ನೆ ತಂಗಿಯ ಫೋನು ಬಂದಾಗ ಮುಂದಿನ ಮಳೆಗಾಲಕ್ಕೆ ಮೊದಲು ಬರುವುದು ಸಾಧ್ಯವಿಲ್ಲ ಅಂದೆ. ಯಾಕೆ ಅಂತ ಕೇಳಿದಳು. ಮಾರ್ಚಿನಲ್ಲಿ ಹತ್ತನೆಯ ಪರೀಕ್ಷೆ ಇದೆ ಅಂದೆ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಯಾರ್ದ್?” ಅಂದಳು.